1974ರ ಪದ್ಮಿನಿ ತಗೊಳ್ಳಲಾ, 1985ರ ಮಾರುತಿ 800 ತಗೊಳ್ಳಲಾ?

ಭಾನುವಾರದ ಸವಾರಿ:
ಮೈಸೂರಲ್ಲಿ ಎರಡು ಗಾಡಿ ನೋಡಿಟ್ಟಿದ್ದೀನಿ. ಒಂದು 1974ರ ಪ್ರೀಮಿಯರ್ ಪದ್ಮಿನಿ, ಇನ್ನೊಂದು 1985ರ ಮಾರುತಿ 800, ಅಂದ್ರೆ ಹಳೇ ಎಸ್‌ಎಸ್80 ಬಾಡಿಯದು. ಎರಡಕ್ಕೂ ಆರ್‌ಸಿ ಚಾಲ್ತಿಯಲ್ಲಿದೆ. ವಾರಕ್ಕೊಮ್ಮೆ 50–60 ಕಿ.ಮೀ. ಓಡಿಸ್ತೀನಿ, ಸಣ್ಣಪುಟ್ಟ ಕೆಲಸ ಮನೇಲೇ ಮಾಡ್ಕೋಬೇಕು ಅಂತಿದೆ. ಯಾವುದು ವಾಸಿ? ಹೋದಾಗ ಏನೇನು ನೋಡಬೇಕು?

ಫಿಯೆಟ್ ಪ್ರೇಮಿ:
ಕೈಯಾರೆ ಕೆಲಸ ಮಾಡೋ ಆಸೆ ಇದ್ರೆ ಪದ್ಮಿನಿನೇ. 1089 ಸಿಸಿ, ನಾಲ್ಕು ಸಿಲಿಂಡರ್, ಬಾನೆಟ್ ಎತ್ತಿದ್ರೆ ಎಲ್ಲದಕ್ಕೂ ಕೈ ಹೋಗುತ್ತೆ.

ಮೊದಲು ಕಿಂಗ್‌ಪಿನ್ ನೋಡಿ, ಅಂದ್ರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗೋಕೆ ಆಧಾರವಾದ ಪಿನ್. ಮುಂದಿನ ಚಕ್ರವನ್ನ ಜಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ರೆ, ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ನಿಂತುಹೋದ್ರೆ ವೀಲ್ ಬೇರಿಂಗ್, ಹಾಗೇ ಇದ್ರೆ ಕಿಂಗ್‌ಪಿನ್ ಬುಷ್. ಗ್ರೀಸ್ ಕಾಣದ ಗಾಡೀಲಿ ಇದು ಹೋಗೇ ಹೋಗಿರುತ್ತೆ. ಆಮೇಲೆ ಸ್ಟೀರಿಂಗ್ ಪಕ್ಕದ ಗೇರ್ ಲಿವರ್. ಲಿವರನ್ನ ಗೇರ್‌ಬಾಕ್ಸಿಗೆ ಜೋಡಿಸೋ ಲಿಂಕೇಜಿನ ಬುಷ್ ಸವೆದಿದ್ರೆ ಗೇರ್ ಸರಿಯಾಗಿ ಬೀಳಲ್ಲ, ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಬುಷ್ ಬದಲಿಸಿದ್ರೆ ಸರಿಹೋಗುತ್ತೆ, ಇದಕ್ಕಾಗಿ ಗಾಡಿ ಬಿಡಬೇಡಿ.

ಮೂರು ಸಿಲಿಂಡರ್:
ಓಡಿಸೋದಕ್ಕೆ 800 ತುಂಬಾ ಹಗುರ. 796 ಸಿಸಿ ಎಫ್8ಬಿ ಇಂಜಿನ್ನೇ ಓಮ್ನಿಗೂ ಇದ್ದಿದ್ದು, ಹಾಗಾಗಿ ಇಂಜಿನ್ ಸಾಮಾನಿಗೆ ಪರದಾಡಬೇಕಿಲ್ಲ. ಕಷ್ಟ ಇರೋದು ಬಾಡಿಯಲ್ಲಿ. 1986ರಲ್ಲಿ ಬಾಡಿನೇ ಬದಲಾಯ್ತು, ಆಮೇಲಿನ ಬಾನೆಟ್, ಬಂಪರ್, ದೀಪ ಎಸ್‌ಎಸ್80ಗೆ ಕೂರಲ್ಲ. ಅದಕ್ಕೇ ಇಂಜಿನ್ನಿಗಿಂತ ಮೊದಲು ಗಾಜು, ದೀಪ, ಬೀಡಿಂಗ್ ಎಲ್ಲ ಮೂಲದ್ದೇ ಇದೆಯಾ ನೋಡಿ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಬಾನೆಟ್ ಒಳಗೆ ಸ್ಟ್ರಟ್ (ಮುಂದಿನ ಸಸ್ಪೆನ್ಷನ್ ಕಂಬ) ಮೇಲ್ತುದಿ ಕೂರೋ ಜಾಗದ ತಗಡು ತುಕ್ಕು ತಿಂದಿದ್ರೆ ಚೌಕಾಸಿ ಕೂಡ ಮಾಡಬೇಡಿ, ವಾಪಸ್ ಬನ್ನಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಟಕಟಕ ಅಂದ್ರೆ ಡ್ರೈವ್‌ಶಾಫ್ಟ್ ಜಾಯಿಂಟ್ ಹೋಗಿದೆ, ರಬ್ಬರ್ ಬೂಟ್ ಹರಿದು ಮಣ್ಣು ಸೇರಿರುತ್ತೆ. ಮೀಟರ್ ಎಷ್ಟೇ ತೋರಿಸ್ಲಿ, ತಗೊಂಡ ಕೂಡಲೇ ಟೈಮಿಂಗ್ ಬೆಲ್ಟೂ ಅದನ್ನ ಬಿಗಿಯಾಗಿಡೋ ಟೆನ್ಷನರೂ ಒಟ್ಟಿಗೆ ಬದಲಿಸಿ. ನಿಂತ ಗಾಡೀಲೂ ರಬ್ಬರಿಗೆ ವಯಸ್ಸಾಗುತ್ತೆ.

ಕಾರ್ಬುರೇಟರ್ ಕಾಳಜಿ:
ಎರಡಕ್ಕೂ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡಿಸದೆ ಮುಂಗಡ ಕೊಡಬೇಡಿ. ಇಂಜಿನ್ ಬಿಸಿ ಮಾಡಿ, ಕಾಯಿಲ್ ವೈರ್ ತೆಗೆದಿಟ್ಟು, ಎಲ್ಲ ಪ್ಲಗ್ ಬಿಚ್ಚಿ, ಒಂದೊಂದೇ ಪ್ಲಗ್ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದ್ರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಈಗಿನ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಹಳೇ ರಬ್ಬರ್ ಪೈಪ್, ಫ್ಯೂಯೆಲ್ ಪಂಪಿನ ಡಯಾಫ್ರಂ ಇದನ್ನ ತಡೆಯಲ್ಲ, ಮೊದಲೇ ಬದಲಿಸಿಬಿಡಿ. ವಾರಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬುರೇಟರ್ ಖಾಲಿ ಮಾಡಿ, ಇಲ್ಲಾಂದ್ರೆ ಜೆಟ್ (ಪೆಟ್ರೋಲ್ ಹಾಯೋ ಸಣ್ಣ ತೂತು) ಕಟ್ಟುತ್ತೆ.

ಭಾನುವಾರದ ಸವಾರಿ:
ಪದ್ಮಿನಿಗೆ 50 ವರ್ಷ ದಾಟಿದೆಯಲ್ಲ, ವಿಂಟೇಜ್ ನೋಂದಣಿ ಮಾಡಿಸಬಹುದಾ?

ಫಿಯೆಟ್ ಪ್ರೇಮಿ:
ಮಾಡಿಸಬಹುದು, ಆದ್ರೆ ನಿಮಗೆ ಬೇಡ. 2021ರ ನಿಯಮದ ಪ್ರಕಾರ ‘ವಿಎ’ ನಂಬರ್ (ವಿಂಟೇಜ್ ನೋಂದಣಿ ನಂಬರ್) ಬಂದ ಗಾಡಿಯನ್ನ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ಪ್ರತಿ ಭಾನುವಾರ ಓಡಿಸ್ಬೇಕು ಅಂದ್ರೆ ಮಾಮೂಲಿ ಆರ್‌ಸಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸ್ಕೊಂಡು ಹೋಗಿ. ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತಾ ಅಂತ ಈಗಲೇ ಪೇಂಟ್ ಒರೆಸಿ ಓದಿಕೊಳ್ಳಿ, ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ನೋಡೋದು ಅದನ್ನೇ.