ಐದು ವರ್ಷ ಕೆಲಸ ಆಗಿದೆ, ಈಗ ಎಂಬಿಎ ಮಾಡಬೇಕಾ? ಆನ್‌ಲೈನ್ ಸಾಕಾ?

ದಾವಣಗೆರೆ ಬಿಕಾಂ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಅಲ್ಲೇ ಬಿಕಾಂ ಮುಗಿಸಿ ಈಗ ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಐದು ವರ್ಷ ಆಯ್ತು. ಕೈಗೆ 38,000 ಬರುತ್ತದೆ. ಕೆಲಸ ಚೆನ್ನಾಗಿ ಗೊತ್ತು, ವೆಂಡರ್‌ಗಳು ಮ್ಯಾನೇಜರ್‌ನ ಬಿಟ್ಟು ನೇರ ನನಗೇ ಫೋನ್ ಮಾಡುತ್ತಾರೆ. ಆದರೆ ಮೊನ್ನೆ ಅಸಿಸ್ಟೆಂಟ್ ಮ್ಯಾನೇಜರ್ ಜಾಗ ಖಾಲಿಯಾದಾಗ ಹೊರಗಿನಿಂದ ಎಂಬಿಎ ಆದವರೊಬ್ಬರನ್ನು ತಂದು ಕೂರಿಸಿದರು. ನಮ್ಮ ಸಿಸ್ಟಮ್‌ನಲ್ಲಿ ಪಿಒ (ಖರೀದಿ ಆರ್ಡರ್) ಹಾಕುವುದನ್ನು ಅವರಿಗೆ ಹೇಳಿಕೊಟ್ಟಿದ್ದು ನಾನು. ತುಂಬಾ ಬೇಜಾರಾಯ್ತು.

ಈಗ ನನ್ನ ಮುಂದೆ ಮೂರು ದಾರಿ ಇವೆ. ಕೆಲಸ ಬಿಟ್ಟು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎರಡು ವರ್ಷ ರೆಗ್ಯುಲರ್ ಸೇರುವುದು, ಅದಕ್ಕೆ ಸುಮಾರು 12 ಲಕ್ಷ ಆಗುತ್ತದೆ, ಪೂರ್ತಿ ಸಾಲ. ಇಲ್ಲವೇ ಕೆಲಸ ಮಾಡುತ್ತಲೇ ಆನ್‌ಲೈನ್ ಎಂಬಿಎ, 1.8 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು, ದೊಡ್ಡ ಹೆಸರಿನ ಸಂಸ್ಥೆಯ 11 ತಿಂಗಳ ಎಕ್ಸಿಕ್ಯುಟಿವ್ ಸರ್ಟಿಫಿಕೇಟ್, ಎರಡೂವರೆ ಲಕ್ಷ. ಈ ಕೊನೆಯದರ ಕೌನ್ಸೆಲರ್ ದಿನಾ ಫೋನ್ ಮಾಡಿ "ಇವತ್ತೇ ಸೀಟ್ ಬುಕ್ ಮಾಡಿದರೆ 40,000 ಕಡಿಮೆ" ಅನ್ನುತ್ತಾರೆ. ಮನೆಯಲ್ಲಿ ಅಪ್ಪನಿಗೆ ಸಾಲ ಅಂದರೆ ಭಯ. ಅಮ್ಮ ಮದುವೆ ಮಾತು ಎತ್ತುತ್ತಾರೆ. ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ, ಯಾವುದು ಸರಿ?

ಎಚ್ಆರ್ ಮನುಷ್ಯ:

ಮೇಡಂ, ನಾನು ಕಾರ್ಖಾನೆಗಳಲ್ಲೇ ಬಹಳ ವರ್ಷ ಎಚ್ಆರ್ ಕೆಲಸ ಮಾಡಿದವನು. ನಿಮ್ಮ ಬೇಜಾರು ನ್ಯಾಯವಾದದ್ದೇ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಕೇಳಿ. ಎಷ್ಟೋ ಕಂಪನಿಗಳಲ್ಲಿ ಮ್ಯಾನೇಜರ್ ಗ್ರೇಡ್‌ಗೆ "ಪಿಜಿ ಕಡ್ಡಾಯ" ಅಂತ ಯಾವಾಗಲೋ ಬರೆದಿಟ್ಟ ಒಂದು ಸಾಲು ಇರುತ್ತದೆ. ನಿಮ್ಮ ಹೆಸರು ಬಂದಾಗ ಅಲ್ಲೇ ಸಿಕ್ಕಿಬೀಳುತ್ತದೆ, ಕೆಲಸದ ಮಾತೇ ಆಮೇಲೆ. ಹಾಗಾಗಿ ಮೊದಲು ನಿಮ್ಮ ಎಚ್ಆರ್‌ನ ನೇರ ಕೇಳಿ: ಆ ಗ್ರೇಡ್‌ಗೆ ಡಿಗ್ರಿ ಬೇಕಾ, ಆನ್‌ಲೈನ್ ಡಿಗ್ರಿ ಆಗುತ್ತದಾ, ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದಾ? ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ಕೇಳಿ. ಉತ್ತರ ಬಂದರೆ ನಿಮ್ಮ ಪ್ರಶ್ನೆ ಅರ್ಧ ಮುಗಿಯಿತು.

ಡಿಗ್ರಿ ಇಲ್ಲ ಅನ್ನೋದೊಂದೇ ಅಡ್ಡಿಯಾಗಿದ್ದರೆ 12 ಲಕ್ಷ ಯಾಕೆ? ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಅಥವಾ ದೂರಶಿಕ್ಷಣ ಡಿಗ್ರಿಯನ್ನು ರೆಗ್ಯುಲರ್ ಡಿಗ್ರಿಗೆ ಸಮ ಅಂತಲೇ ನೋಡಬೇಕು, ಯುಜಿಸಿ 2022ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಅನುಮತಿ ಇದೆಯಾ ಅಂತ ಯುಜಿಸಿ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟ್‌ನಲ್ಲಿ ನೀವೇ ನೋಡಿ. ಇದು ಸುಮ್ನೆ ಹೇಳುವ ಮಾತಲ್ಲ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಓದಿದ ಹುಡುಗರು ಪಟ್ಟ ಪಾಡು ನಾನು ಇಂಟರ್‌ವ್ಯೂಗಳಲ್ಲಿ ನೋಡಿದ್ದೇನೆ. ಈಗ ಅಲ್ಲೂ ಎಂಬಿಎ ಇದೆ, ಇಗ್ನೋದಲ್ಲೂ ಇದೆ, ನಿಮಗೆ ಹೇಳಿರುವ 1.8 ಲಕ್ಷದ ಪಕ್ಕ ಅವುಗಳ ಫೀಸನ್ನೂ ಇಟ್ಟು ನೋಡಿ.

ಇನ್ನು ಕಂಪನಿ ಬದಲಿಸಬೇಕು, ಬೇರೆ ತರಹದ ಕೆಲಸಕ್ಕೇ ಹೋಗಬೇಕು ಅಂತಿದ್ದರೆ ಆಗ ಮಾತ್ರ ರೆಗ್ಯುಲರ್. ಯಾಕಂದರೆ ಅಲ್ಲಿ ನೀವು ದುಡ್ಡು ಕೊಡುವುದು ಪಾಠಕ್ಕಿಂತ ಜಾಸ್ತಿ ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ. ಆ ಖಾಸಗಿ ಕಾಲೇಜಿನ ಬ್ರೋಷರ್ ಪಕ್ಕಕ್ಕಿಡಿ. ಅದರ ವೆಬ್‌ಸೈಟ್‌ನಲ್ಲಿ ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಕೊಟ್ಟ ಮಾಹಿತಿಯ ಪಿಡಿಎಫ್ ಹುಡುಕಿ. ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಿಕ್ಕವರ ಮೀಡಿಯನ್ ಸಂಬಳ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಬ್ರೋಷರ್‌ನಲ್ಲಿ ಒಬ್ಬನ 24 ಲಕ್ಷದ ಪ್ಯಾಕೇಜ್ ದೊಡ್ಡದಾಗಿ ಹಾಕುತ್ತಾರೆ. ಮೀಡಿಯನ್ ಅಂದರೆ ಸಾಲಾಗಿ ನಿಂತವರಲ್ಲಿ ನಡುವಿನವನ ಸಂಬಳ, ನಿಮಗೆ ಬೇಕಾದ್ದು ಅದು. ಆ ಪಿಡಿಎಫ್ ಎಲ್ಲೂ ಸಿಗದಿದ್ದರೆ ನಾನಾದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯುತ್ತೇನೆ.

ಮಾಜಿ ಕೌನ್ಸೆಲರ್:

ಆ ದಿನಾ ಬರುವ ಫೋನ್ ಬಗ್ಗೆ ನಾನು ಹೇಳಬಲ್ಲೆ. ಇಂಥದ್ದೇ ಒಂದು ಕಂಪನಿಯಲ್ಲಿ ಆ ಕೆಲಸದಲ್ಲಿದ್ದೆ, ಹೆಸರು ಬೇಡ.

"ಇವತ್ತೇ ಕೊನೆ" ಅನ್ನುವ ರಿಯಾಯಿತಿ ನಾಳೆಯೂ ಇರುತ್ತದೆ, ತಿಂಗಳ ಕೊನೆಯಲ್ಲಿ ಇನ್ನೂ ಜಾಸ್ತಿ ಆಗುತ್ತದೆ, ಯಾಕಂದರೆ ಟಾರ್ಗೆಟ್ ತಿಂಗಳಿನದು. ಫೋನ್ ಮಾಡುವ ಹುಡುಗ ಆ ದೊಡ್ಡ ಸಂಸ್ಥೆಯವನಲ್ಲ, ಕೋರ್ಸ್ ಮಾರುವ ಕಂಪನಿಯವನು. ಅವನ ಮೇಲೆ ಸಿಟ್ಟು ಮಾಡಬೇಡಿ, ಪಾಪ, ಅವನೂ ಒತ್ತಡದಲ್ಲೇ ಇರುತ್ತಾನೆ. ಆದರೆ ಸಹಿ ಮಾತ್ರ ಹಾಕಬೇಡಿ.

"ಬಡ್ಡಿ ಇಲ್ಲದ ಇಎಂಐ" ಅಂದರೆ ಅದು ಸಾಲವೇ. ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಮಂಜೂರು ಮಾಡಿ ದುಡ್ಡನ್ನು ಕೋರ್ಸ್ ಕಂಪನಿಗೆ ಕೊಡುತ್ತದೆ. ನಿಮಗೆ ಕೋರ್ಸ್ ಇಷ್ಟ ಆಗದೆ ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಿಬಿಲ್ (ಸಾಲ ಕೊಡುವವರು ನೋಡುವ ಅಂಕ) ಕೆಡುತ್ತದೆ, ಆಮೇಲೆ ಮನೆ ಸಾಲಕ್ಕೆ ಹೋದಾಗ ಗೊತ್ತಾಗುತ್ತದೆ. ಎಷ್ಟೋ ಜನಕ್ಕೆ ತಮ್ಮ ಹೆಸರಲ್ಲಿ ಸಾಲ ಇದೆ ಅಂತಲೇ ಗೊತ್ತಿರುತ್ತಿರಲಿಲ್ಲ, ಓಟಿಪಿ ಹೇಳಿದ್ದು ಮಾತ್ರ ನೆನಪು. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಇಂಥ ಕಂಪನಿಗಳ ಸಾಲ, ಖಾತೆಯಿಂದ ತಾನಾಗೇ ಕಡಿತ ಆಗುವ ವ್ಯವಸ್ಥೆ, ಇವುಗಳ ಬಗ್ಗೆ ಎಚ್ಚರ ಅಂತ ಸೂಚನೆ ಕೊಟ್ಟಿತ್ತು. ರಿಫಂಡ್ ಎಷ್ಟು ದಿನದೊಳಗೆ ಅನ್ನೋದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮತ್ತೊಂದು ಮಾತು. ಈ ಸರ್ಟಿಫಿಕೇಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಮೇಷ್ಟ್ರುಗಳು ನಿಜಕ್ಕೂ ಆ ಸಂಸ್ಥೆಯವರೇ ಇರುತ್ತಾರೆ, ಪಾಠ ಚೆನ್ನಾಗಿರುತ್ತದೆ. ಆದರೆ ಅದು ಡಿಗ್ರಿ ಅಲ್ಲ. ಕ್ಯಾಂಪಸ್ ಅಂದರೆ ಕೆಲವು ದಿನದ ಭೇಟಿ. ಪ್ಲೇಸ್‌ಮೆಂಟ್ ಅಂದರೆ ಒಂದು ಪೋರ್ಟಲ್‌ನ ಲಾಗಿನ್. ಮ್ಯಾನೇಜರ್ ಆಗಿ ಹತ್ತು ವರ್ಷ ಆಗಿ, ಕಂಪನಿಯೇ ಫೀಸ್ ಕಟ್ಟುವವರಿಗೆ ಇದು ಒಳ್ಳೆಯದು.

ಕೌಸಾಳಿ ಹಳೆ ವಿದ್ಯಾರ್ಥಿ:

ಎಲ್ಲರೂ ಖಾಸಗಿ ಇಲ್ಲ ಆನ್‌ಲೈನ್ ಅಂತ ಎರಡೇ ಹೇಳ್ತಿದ್ದೀರಿ, ನಡುವಿನದ್ದು ಮರೆತೇ ಹೋಯ್ತಲ್ಲ! ಅಕ್ಕಾರ, ಪಿಜಿಸಿಇಟಿ ಬರೀರಿ. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ, ಡಿಗ್ರಿಯಲ್ಲಿ ಶೇ 50 ಇದ್ದರೆ ಸಾಕು, ಎಸ್‌ಸಿ, ಎಸ್‌ಟಿ, ಕೆಟಗರಿ-1ರವರಿಗೆ 45. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಮೈಸೂರಿನಲ್ಲಿ ಬಹದ್ದೂರ್ ಇನ್‌ಸ್ಟಿಟ್ಯೂಟ್ ಇದೆ, ನಿಮ್ಮೂರಲ್ಲೇ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಖರ್ಚು 12 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ.

ನಾನು ಕೌಸಾಳಿಯಲ್ಲಿ ಓದಿ ಈಗ ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತೇನೆ. ಎಂಬಿಎ ಮಾಡಿ ಅಂಗಡಿಯಲ್ಲಿ ಕೂತಿದ್ದಾನೆ ಅಂತ ಜನ ಅಂದರು, ಅನ್ನಲಿ. ನಮ್ಮಪ್ಪ ಉದ್ರಿ ಪುಸ್ತಕ ಇಡುತ್ತಿದ್ದರು, ಗಿರಾಕಿಗೆ ಒಂದೊಂದು ಪುಟ. ಯಾರು ಎಷ್ಟು ಕೊಡಬೇಕು ಗೊತ್ತು, ಎಷ್ಟು ದಿನದಿಂದ ಅನ್ನೋದು ಗೊತ್ತಿಲ್ಲ. ನಾನು ಅದನ್ನೇ ಎಕ್ಸೆಲ್‌ಗೆ ಹಾಕಿ 30 ದಿನ, 60 ದಿನ, 90 ದಿನ ದಾಟಿದ್ದು ಅಂತ ಮೂರು ಕಾಲಂ ಮಾಡಿದೆ. ಅತಿ ಹೆಚ್ಚು ಮಾಲು ಒಯ್ಯುವ, ಅಪ್ಪ ಚಹಾ ಕೊಟ್ಟು ಕೂರಿಸುವ ಕಾಂಟ್ರಾಕ್ಟರ್‌ಗಳ ದುಡ್ಡೆಲ್ಲ ಮೂರನೇ ಕಾಲಂನಲ್ಲಿತ್ತು. ನಾವು ಸಿಮೆಂಟ್ ತರಲು ಬ್ಯಾಂಕಿಗೆ ಓಡಿ ಬಡ್ಡಿ ಕಟ್ಟುತ್ತಿದ್ದೆವು, ಅವರು ನಮ್ಮ ದುಡ್ಡಿನಲ್ಲಿ ಮನೆ ಕಟ್ಟುತ್ತಿದ್ದರು. ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರ ನಡೆಸುವ ದುಡ್ಡು) ಪಾಠ ಕೇಳಿರದಿದ್ದರೆ ಆ ಮೂರು ಕಾಲಂ ನನಗೆ ಹೊಳೆಯುತ್ತಿರಲಿಲ್ಲ. ಕ್ಲಾಸಿನಲ್ಲಿ ಕೂತು ಬೇರೆಯವರ ಜೊತೆ ಜಗಳ ಮಾಡಿ ಕಲಿಯುವುದಕ್ಕೆ ಒಂದು ಬೆಲೆ ಇದೆ, ಅದು ವಿಡಿಯೋದಲ್ಲಿ ಸಿಗುವುದು ಕಷ್ಟ.

ರಾತ್ರಿ ಪಾಳಿ:

ಕ್ಯಾಟ್ ಬರೆದು ಐಐಎಂ ಟ್ರೈ ಮಾಡಬಾರದಾ? ಹುಡುಗಿ ಕೆಲಸದಲ್ಲಿ ಗಟ್ಟಿ ಇದ್ದಾಳೆ.

ಪಾಠದ ಮೇಡಂ:

ಕ್ಯಾಟ್ ಖಂಡಿತ ಬರೆಯಬಹುದು, ನವೆಂಬರ್ ಕೊನೆಗೆ ಇರುತ್ತದೆ, ಎರಡು ಗಂಟೆ, ಮೂರು ಭಾಗ, ಭಾಗಕ್ಕೆ 40 ನಿಮಿಷ. ಆದರೆ ಬೆಂಗಳೂರು ಐಐಎಂ ಕ್ಯಾಟ್ ಅಂಕ ಒಂದನ್ನೇ ನೋಡುವುದಿಲ್ಲ, ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಕೆಲಸದ ಅನುಭವವನ್ನೂ ಸೇರಿಸುತ್ತದೆ. ಫೀಸ್ 20 ಲಕ್ಷಕ್ಕೂ ಜಾಸ್ತಿ. ಅಲ್ಲಿ ಆ ಸಾಲ ತೀರುತ್ತದೆ, ಬ್ಯಾಂಕುಗಳೂ ಒತ್ತೆ ಕೇಳದೆ ಕೊಡುತ್ತವೆ. ನಾನು ಬಿಸಿನೆಸ್ ಸ್ಕೂಲಿನಲ್ಲೇ ಪಾಠ ಮಾಡುವವಳು, ಆದರೂ ಹೇಳುತ್ತೇನೆ: ನಡುಮಟ್ಟದ ಕಾಲೇಜಿಗೆ 12 ಲಕ್ಷ ಸಾಲ ಮಾಡಿ ಸೇರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಲೆಕ್ಕ ಹಾಕೋಣ. ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂದರೆ 12 ಲಕ್ಷಕ್ಕೆ ತಿಂಗಳ ಕಂತು 16,200 ಹತ್ತಿರ. ಓದುವ ಎರಡು ವರ್ಷದ ಬಡ್ಡಿ ಕಟ್ಟದೆ ಬಿಟ್ಟರೆ ಅದೂ ಅಸಲಿಗೆ ಸೇರಿ ಕಂತು ಇನ್ನೂ ಏರುತ್ತದೆ. ಜೊತೆಗೆ ಎರಡು ವರ್ಷ ಬಿಟ್ಟ ಸಂಬಳ, 38,000ದಂತೆ 9 ಲಕ್ಷ 12 ಸಾವಿರ. ಇದನ್ನು ಯಾರೂ ಬ್ರೋಷರ್‌ನಲ್ಲಿ ಬರೆಯುವುದಿಲ್ಲ. ಅಂದರೆ ನಿಮ್ಮ ನಿಜವಾದ ಖರ್ಚು 21 ಲಕ್ಷ, ಬಡ್ಡಿ ಬಿಟ್ಟು. ಹೊರಗೆ ಬಂದಾಗ 50,000 ಸಂಬಳ ಸಿಕ್ಕರೆ ಕಂತು ಕಟ್ಟಿ ಉಳಿಯುವುದು ಈಗಿನದಕ್ಕಿಂತ ಕಡಿಮೆ.

ಇನ್ನು ಕಲಿಕೆಯ ಮಾತು. ಡಿಗ್ರಿ ಬರುವ ತನಕ ಕಾಯಬೇಡಿ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ಪೋರ್ಟಲ್‌ನಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸುಗಳ ಹೊಣೆ ಬೆಂಗಳೂರು ಐಐಎಂನದ್ದೇ, ಪಾಠ ಕೇಳಲು ದುಡ್ಡು ಬೇಡ. ಐಐಟಿಗಳ ಆನ್‌ಲೈನ್ ಪಾಠಗಳ ಎನ್‌ಪಿಟೆಲ್‌ನಲ್ಲೂ ಹಾಗೇ, ಪರೀಕ್ಷೆ ಬರೆಯುವುದಾದರೆ ಮಾತ್ರ ಸಣ್ಣ ಫೀಸ್. ನೀವು ಪರ್ಚೇಸ್‌ನಲ್ಲಿರುವುದರಿಂದ ಅಮೆರಿಕದ ಎಂಐಟಿಯವರ ಸಪ್ಲೈ ಚೈನ್ ಮೈಕ್ರೋಮಾಸ್ಟರ್ಸ್ (ಆನ್‌ಲೈನ್ ಕೋರ್ಸುಗಳ ಸರಣಿ) ನೋಡಿ, 2016ರಿಂದ ಇದೆ, ಸರ್ಟಿಫಿಕೇಟ್ ಬೇಕಾದರೆ ದುಡ್ಡು, ಗಣಿತ ಸ್ವಲ್ಪ ಗಟ್ಟಿ ಇದೆ, ಹೆದರಬೇಡಿ.

ಮತ್ತೆ ಇದನ್ನು ಈ ವಾರವೇ ಮಾಡಿ. ಕಳೆದ ಒಂದು ವರ್ಷದ ಪರ್ಚೇಸ್ ರಿಜಿಸ್ಟರ್ ಎಕ್ಸೆಲ್‌ಗೆ ಇಳಿಸಿ, ಐಟಂವಾರು ಪಿವಟ್ (ಒಟ್ಟು ಮಾಡಿ ತೋರಿಸುವ ಪಟ್ಟಿ) ಹಾಕಿ, ದುಡ್ಡಿನ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ. ಕೆಲವೇ ಐಟಂಗಳು ಮುಕ್ಕಾಲುಪಾಲು ಖರ್ಚು ನುಂಗಿರುವುದು ಕಾಣುತ್ತದೆ. ಆ ಐಟಂಗಳ ಪಕ್ಕ ಸ್ಟಾಕ್ ಎಷ್ಟು ದಿನಕ್ಕಿದೆ, ವೆಂಡರ್ ಹೇಳಿದ ದಿನ ಯಾವುದು, ಮಾಲು ನಿಜಕ್ಕೂ ಬಂದ ದಿನ ಯಾವುದು ಅಂತ ಹಾಕಿ. ಇನ್ನೊಂದು ಕಾಲಂನಲ್ಲಿ ಯಾವ ವೆಂಡರ್ ಸಣ್ಣ ಉದ್ಯಮವಾಗಿ ನೋಂದಣಿ ಆಗಿದ್ದಾರೆ ಅಂತ ಗುರುತು ಮಾಡಿ. ಅಂಥವರಿಗೆ ಒಪ್ಪಂದ ಇದ್ದರೂ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಪಾವತಿ ಆಗಬೇಕು. ತಡವಾಗಿ ಹಣಕಾಸು ವರ್ಷ ದಾಟಿದರೆ ಕಂಪನಿಗೆ ಆ ಖರ್ಚಿನ ತೆರಿಗೆ ಲಾಭ ಆ ವರ್ಷ ಸಿಗುವುದಿಲ್ಲ. ಇಷ್ಟನ್ನು ಎರಡು ಪುಟ ಮಾಡಿ ನಿಮ್ಮ ಪ್ಲಾಂಟ್ ಹೆಡ್ ಮುಂದೆ ಇಡಿ. ನನ್ನ ಕ್ಲಾಸಿನಲ್ಲಿ ಎರಡನೇ ವರ್ಷದವರಿಗೆ ಕೊಡುವ ಪ್ರಾಜೆಕ್ಟ್ ಇದೇ, ಅವರಿಗೆ ನಿಜವಾದ ಡೇಟಾ ಸಿಗಲ್ಲ. ನಿಮ್ಮ ಹತ್ತಿರ ಐದು ವರ್ಷದ್ದು ಇದೆ!

ದಾವಣಗೆರೆ ಬಿಕಾಂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಚ್ಆರ್‌ಗೆ ಮೇಲ್ ಹಾಕಿದೆ, ಉತ್ತರ ಬಂತು: ಆ ಗ್ರೇಡ್‌ಗೆ ಪಿಜಿ ಬೇಕು, ಯುಜಿಸಿ ಮಾನ್ಯತೆ ಇರುವ ಆನ್‌ಲೈನ್ ಡಿಗ್ರಿ ಆಗುತ್ತದೆ, ಸರ್ಟಿಫಿಕೇಟ್ ಆಗುವುದಿಲ್ಲ. ಹಾಗಾಗಿ ಎರಡೂವರೆ ಲಕ್ಷದ್ದು ಕೈಬಿಟ್ಟೆ, ಆ ನಂಬರ್ ಬ್ಲಾಕ್ ಮಾಡಿದೆ. ಖಾಸಗಿ ಕಾಲೇಜಿನ ಪಿಡಿಎಫ್ ಸಿಕ್ಕಿತು, ಮೀಡಿಯನ್ ನೋಡಿ ಅಪ್ಪನಿಗೂ ನನಗೂ ಸಮಾಧಾನ ಆಗಲಿಲ್ಲ, ಅದೂ ಬೇಡ. ಪಿಜಿಸಿಇಟಿಗೆ ಮನಸ್ಸು ಎಳೆಯುತ್ತಿದೆ, ಆದರೆ ತಂಗಿಯ ಫೀಸ್ ನನ್ನ ಸಂಬಳದಲ್ಲೇ ಹೋಗುವುದರಿಂದ ಈಗ ಕೆಲಸ ಬಿಡುವುದು ಆಗದ ಮಾತು. ಆನ್‌ಲೈನ್‌ಗೇ ಸೇರುತ್ತೇನೆ. ಪಿವಟ್ ಶುರು ಮಾಡಿದ್ದೇನೆ ಮೇಡಂ, ಬೇರಿಂಗ್ ಮತ್ತು ರಬ್ಬರ್ ಸೀಲ್ ಎರಡೇ ಅಷ್ಟು ದುಡ್ಡು ತಿನ್ನುತ್ತವೆ ಅಂತ ನನಗೇ ಗೊತ್ತಿರಲಿಲ್ಲ.

ಒಂದು ಡೌಟ್. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಡಿಇಬಿ ಐಡಿ ಕೇಳುತ್ತಿದ್ದಾರೆ, ಅದು ಏನು? ಒಬ್ಬ ಏಜೆಂಟ್ ತಾನೇ ಮಾಡಿಕೊಡುತ್ತೇನೆ ಅಂದ.

ಎಚ್ಆರ್ ಮನುಷ್ಯ:

ಏಜೆಂಟ್ ಬೇಡವೇ ಬೇಡ. ಆನ್‌ಲೈನ್, ದೂರಶಿಕ್ಷಣಕ್ಕೆ ಸೇರುವವರಿಗೆ ಯುಜಿಸಿ 2024ರಲ್ಲಿ ತಂದ ಗುರುತಿನ ಸಂಖ್ಯೆ ಅದು. ಮೊದಲು ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳ ಖಾತೆ ಸಂಖ್ಯೆ) ಮಾಡಿಕೊಳ್ಳಿ, ಆಮೇಲೆ ಯುಜಿಸಿ ಪೋರ್ಟಲ್‌ಗೆ ಹೋಗಿ ಅದನ್ನು ಕೊಟ್ಟು ಡಿಇಬಿ ಐಡಿ ಪಡೆಯಿರಿ. ಆಧಾರ್‌ನಲ್ಲಿರುವ ಹೆಸರೂ ಬಿಕಾಂ ಮಾರ್ಕ್ಸ್ ಕಾರ್ಡ್‌ನಲ್ಲಿರುವ ಹೆಸರೂ ಒಂದೇ ಇದೆಯಾ ನೋಡಿಕೊಳ್ಳಿ, ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಈಗಲೇ ಸರಿ ಮಾಡಿಸಿ. ಫೀಸ್ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.