ಜೀಪಿನ ಹಿಂದಿನ ಆಕ್ಸಲ್‌ಗೆ ಮಾತ್ರ 4.88 ಹಾಕಿಸಿದರೆ ಸಾಕಾ?

ಪಾಂಡವಪುರ ಜೀಪು:
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಮಹೀಂದ್ರ ಡೀಸೆಲ್ ಜೀಪು, ಫೋರ್ ವೀಲ್. ಮೊದಲು ಗದ್ದೆ, ಆಲೆಮನೆ ಅಂತ ಊರೊಳಗೇ ಓಡಾಡುತ್ತಿತ್ತು. ಈಗ ವಾರಕ್ಕೆ ಮೂರು ಸಲ ಬೆಲ್ಲ ತುಂಬಿಕೊಂಡು ಮೈಸೂರಿಗೆ ಹೋಗುತ್ತೇನೆ. ಮೀಟರ್ 60 ದಾಟಿದರೆ ಇಂಜಿನ್ ಕಿರುಚುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ಆಕ್ಸಲ್ ಒಳಗಿನ 5.38 ಕ್ರೌನ್ ಪಿನಿಯನ್ ಗೇರ್ ಜೋಡಿ (ಚಕ್ರದ ಒಂದು ಸುತ್ತಿಗೆ ಶಾಫ್ಟ್ 5.38 ಸುತ್ತು) ತೆಗೆದು ಹಿಂದೆ ಮಾತ್ರ 4.88 ಹಾಕಿಸು ಅಂತ ಒಬ್ಬರು ಹೇಳಿದರು. ಮೇಲುಕೋಟೆ ಬೆಟ್ಟ ಹತ್ತುವಾಗ ಪುಲ್ಲಿಂಗ್ ಕಮ್ಮಿ ಆಗುತ್ತಾ?

ಮದ್ದೂರು ಎಳನೀರು:
ಅಣ್ಣ, ಒಂದು ಸೈಜ್ ದೊಡ್ಡ ಟೈರ್ ಹಾಕಿ. ಅದೂ ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತದೆ.

ಬನ್ನಿಮಂಟಪ ಸ್ಪ್ಯಾನರ್:
ಹಿಂದೆ ಮಾತ್ರ ಬದಲಿಸಬೇಡಿ, ಕೈ ಮುಗಿದು ಹೇಳುತ್ತೇನೆ. ನಾನು ಅದನ್ನೇ ಮಾಡಿ ಕೆಟ್ಟವನು. ಕೆಸರಲ್ಲಿ ಏನೂ ಗೊತ್ತಾಗಲಿಲ್ಲ, ಚಕ್ರ ಜಾರುತ್ತದಲ್ಲ. ಗದ್ದೆಯಿಂದ ಟಾರ್ ರಸ್ತೆಗೆ ಬಂದಾಗ ಫೋರ್ ವೀಲ್ ಲಿವರ್ ತೆಗೆಯುವುದು ಮರೆತೆ. ಫೋರ್ ವೀಲ್‌ನಲ್ಲಿ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಹಿಂದಿನ ಚಕ್ರ ಜಾಸ್ತಿ ತಿರುಗಬೇಕು ಅನ್ನುತ್ತದೆ, ಮುಂದಿನದು ಬಿಡಲ್ಲ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಗೇರ್ ಹಲ್ಲು ಹೋಯಿತು.

5.38 ಅಂದರೆ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. 4.88 ಅಂದರೆ 39ಕ್ಕೆ 8. ಇಂಜಿನ್ ಸುತ್ತು ನೂರಕ್ಕೆ 9ರಷ್ಟು ಇಳಿಯುತ್ತದೆ, ಎಳೆತವೂ ಅಷ್ಟೇ ಇಳಿಯುತ್ತದೆ. ಬೆಟ್ಟದಲ್ಲಿ ಒಂದು ಗೇರ್ ಮೊದಲೇ ಇಳಿಸಬೇಕಾಗುತ್ತದೆ. ಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ, ಅದು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ.

ದುಡ್ಡು ಹಾಕುವ ಮೊದಲು ಈಗ ಒಳಗೆ ಏನಿದೆ ಅಂತ ನೋಡಿ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಎತ್ತಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಹಳೇ ಜೀಪಿನಲ್ಲಿ ಅದು ಶಾಫ್ಟನ್ನೇ ಹಿಡಿಯುತ್ತದೆ. ಎತ್ತಿದ ಚಕ್ರವನ್ನು ಎರಡು ಪೂರ್ತಿ ಸುತ್ತು ತಿರುಗಿಸಿ (ಜೊತೆಯ ಚಕ್ರ ನಿಂತೇ ಇರುವುದರಿಂದ ಇದು ಒಂದು ಸುತ್ತಿಗೆ ಸಮ), ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಅದರ ಸುತ್ತು ಎಣಿಸಿ. ಐದೂ ಕಾಲಿಗಿಂತ ಜಾಸ್ತಿ ಬಂದರೆ 5.38, ಐದಕ್ಕೆ ಚೂರು ಕಮ್ಮಿ ಬಂದರೆ 4.88. ಮುಂದೆಯೂ ಹಾಗೇ, ಲಿವರ್ ಟೂ ವೀಲ್‌ನಲ್ಲಿರಲಿ.

ಪಾಂಡವಪುರ ಜೀಪು:
ಇವತ್ತು ಎಣಿಸಿದೆ ಸಾರ್. ಮುಂದೆ ಐದೂ ಕಾಲು ದಾಟಿತು. ಹಿಂದೆ ಐದು ಸುತ್ತು ಪೂರ್ತಿ ಆಗಲೇ ಇಲ್ಲ, ಮೂರು ಸಲ ನೋಡಿದೆ. ಅಮ್ಮನನ್ನು ಕೇಳಿದರೆ, ಅಪ್ಪ ಒಂದು ಸಲ ಹಿಂದಿನ ಆಕ್ಸಲ್ ಹೌಸಿಂಗನ್ನು ಗುಜರಿಯಿಂದ ತಂದು ಹಾಕಿಸಿದ್ದರಂತೆ. ಫೋರ್ ವೀಲ್ ಹಾಕಿದಾಗ ಲಿವರ್ ವಾಪಸ್ ಬರದೆ ಒದ್ದಾಡುತ್ತಿದ್ದುದು ಇದಕ್ಕೇ ಅಲ್ವಾ?

ಬನ್ನಿಮಂಟಪ ಸ್ಪ್ಯಾನರ್:
ಇದಕ್ಕೇ. ನೀವು 60 ಅಂದುಕೊಂಡಿದ್ದು 66, ಆ ಇಂಜಿನ್ ಕಿರುಚದೆ ಇನ್ನೇನು ಮಾಡುತ್ತದೆ. ಹಿಂದಿನದನ್ನು ಮುಟ್ಟಬೇಡಿ, ಮುಂದೆಯೂ 4.88 ಹಾಕಿಸಿ. ಕ್ರೌನ್, ಪಿನಿಯನ್ ಎರಡರ ಮೇಲೂ ಕೊರೆದ ನಂಬರ್ ಒಂದೇ ಇರಬೇಕು, ಬಿಡಿಬಿಡಿಯಾಗಿ ತರಬೇಡಿ. ಹಲ್ಲಿಗೆ ಬಣ್ಣ ಹಚ್ಚಿ, ಬಣ್ಣದ ಗುರುತು ಹಲ್ಲಿನ ನಡುವೆ ಬೀಳುವವರೆಗೂ ಶಿಮ್ (ತೆಳು ಲೋಹದ ಬಿಲ್ಲೆ) ಹೊಂದಿಸುವ ಮೇಸ್ತ್ರಿಗೇ ಕೊಡಿ. ಅಲ್ಲಿಯವರೆಗೆ ಆ ಲಿವರ್ ಮುಟ್ಟಬೇಡಿ, ಗದ್ದೆಯಲ್ಲೂ ಬೇಡ.