ಬಿಕಾಂ ಮುಗಿಯುವ ಮೊದಲು ಎಲ್‌ಎಲ್‌ಬಿಗೆ ಏನು ಓದಿಕೊಳ್ಳಲಿ?

ಪ್ರಶ್ನೆ (ಬಿಕಾಂ ಕೊನೆಯ ವರ್ಷ, ಉಡುಪಿ):
ಹತ್ತನೆಯವರೆಗೆ ಕನ್ನಡ ಮೀಡಿಯಂ ನನ್ನದು. ಮುಂದಿನ ವರ್ಷ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಲೇಬೇಕು ಅಂತಿದ್ದೇನೆ. ಸೀನಿಯರ್ ಒಬ್ಬರು ಕೊಟ್ಟ ಐಪಿಸಿ ಪುಸ್ತಕದಿಂದ ದಿನಕ್ಕೆ ಹತ್ತು ಸೆಕ್ಷನ್ ಬಾಯಿಪಾಠ ಮಾಡುತ್ತಿದ್ದೇನೆ. ಇದು ಸರಿಯಾ? ಕ್ಲಾಟ್ (ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆ) ಬರೆಯಬೇಕಾ? ಇಂಗ್ಲಿಷ್ ತೀರ್ಪು ಹಿಡಿದರೆ ಎರಡನೇ ಪ್ಯಾರಾದಲ್ಲೇ ದಾರಿ ತಪ್ಪುತ್ತದೆ.

ಉತ್ತರ (ಎಲ್‌ಎಲ್‌ಬಿ ಎರಡನೇ ವರ್ಷ):
ಆ ಪುಸ್ತಕ ಇವತ್ತೇ ಮುಚ್ಚಿಡಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಗೆ ಈಗ 302 ಅಲ್ಲ, 103. ಕ್ಲಾಟ್ ಐದು ವರ್ಷದ ಕೋರ್ಸ್‌ನವರಿಗೆ. ಇಲ್ಲಿನ ಲಾ ಕಾಲೇಜಿಗೆ ಡಿಗ್ರಿಯಲ್ಲಿ ಶೇ. 45 ಬೇಕು (ಜನರಲ್‌ಗೆ), ಅಷ್ಟೇ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು.

ಉತ್ತರ (ವಕೀಲೆ, ಮಂಗಳೂರು):
ನಾನೂ ಕನ್ನಡ ಮೀಡಿಯಂನವಳೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಡಿಗ್ರಿ ರಜೆಯಲ್ಲಿ ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಿಂದ ನಮ್ಮ ಪಾಲುಪಟ್ಟಿ (ಆಸ್ತಿ ಹಂಚಿಕೊಂಡ ಪತ್ರ) ತೆಗೆದು ಓದಿದ್ದೆ. ಮಡಚಿದ ಕಡೆಯಲ್ಲೆಲ್ಲ ಹರಿದಿತ್ತು. ಅದರಲ್ಲಿ ‘ತೋಡಿನ ಬದಿಯಿಂದ ಬಾವಿಗೆ ಹೋಗಿಬರುವ ಮಾಮೂಲು ದಾರಿ’ ಅಂತ ಒಂದು ಸಾಲು (ತೋಡು ಅಂದರೆ ಸಣ್ಣ ಹಳ್ಳ). ಆ ದಾರಿಯ ವಿಷಯಕ್ಕೇ ದೊಡ್ಡಮ್ಮನ ಮನೆಗೂ ನಮಗೂ ಮಾತು ನಿಂತದ್ದು. ಮುಂದೆ ಕ್ಲಾಸಲ್ಲಿ 1882ರ ಈಸ್‌ಮೆಂಟ್ಸ್ ಆಕ್ಟ್ (ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಹಕ್ಕುಗಳ ಕಾನೂನು) ಬಂದಾಗ ಎಲ್ಲರೂ ಡೆಫಿನಿಷನ್ ಉರು ಹೊಡೆದರು. ನನ್ನ ಕಣ್ಣೆದುರು ಆ ತೋಡೇ ಇತ್ತು.

ನಿಮ್ಮ ಮನೆಯಲ್ಲೂ ಏನಾದರೂ ಇರುತ್ತದೆ. ಆರ್‌ಟಿಸಿ, ಪಾಲುಪಟ್ಟಿ, ಅಜ್ಜನ ಕಾಲದ ಡಿಕ್ಲರೇಷನ್ ಆರ್ಡರ್ (ಗೇಣಿದಾರನಿಗೆ ಭೂಮಿ ಕೊಟ್ಟ ಆದೇಶ). ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ) ಓದಿ ಪೆನ್ಸಿಲ್ಲಲ್ಲಿ ನಕ್ಷೆ ಬಿಡಿಸಿ. ಯಾರು ಏನು ಕೇಳಿದರು, ಏನು ಸಿಕ್ಕಿತು, ಯಾಕೆ ಅಂತ ಅರ್ಧ ಪುಟ ಬರೆಯಿರಿ. ಇಂಗ್ಲಿಷ್ ತೀರ್ಪನ್ನೂ ಹಾಗೇ ಓದಿ: ಮೊದಲು ಜಗಳ ಏನು ಅಂತ, ಕಾನೂನು ಆಮೇಲೆ. ಸಣ್ಣ ತೀರ್ಪು ಆರಿಸಿ. ಎಡನೀರು ಮಠ ನಮ್ಮ ಪಕ್ಕದ್ದೇ ಅಂತ ಅಲ್ಲಿನ ಸ್ವಾಮೀಜಿ ಕೇಶವಾನಂದ ಭಾರತಿಯವರ ಕೇಸಿಂದ ಶುರು ಮಾಡಬೇಡಿ. 1973ರಲ್ಲಿ 13 ಜಡ್ಜ್‌ಗಳು 7-6ರಲ್ಲಿ ಕೊಟ್ಟ ತೀರ್ಪು ಅದು, ನೂರಾರು ಪುಟ.

ಮತ್ತೆ, ಒಂದು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಗೆ ವಕೀಲರು ಕೇಳುವ ಪ್ರಶ್ನೆಗಳು) ಕೇಳಿ. ಯಾರ ಪರಿಚಯವೂ ಬೇಕಿಲ್ಲ.

ಪ್ರಶ್ನೆ ಕೇಳಿದವರು:
ಅಮ್ಮನ ಹತ್ತಿರ ಕೇಳಿದೆ ಮೇಡಂ. ಅಟ್ಟದ ಚೀಲದಲ್ಲಿ ಅಜ್ಜನ ಕಾಗದ ಸಿಕ್ಕಿತು! ಮೊದಲ ಪುಟದಲ್ಲೇ ‘ಚಾಲಗೇಣಿ’ ಅಂತಿದೆ. ಮೂಲಗೇಣಿಗೂ ಅದಕ್ಕೂ ಏನು ವ್ಯತ್ಯಾಸ?

ವಕೀಲೆ, ಮಂಗಳೂರು:
ಮೂಲಗೇಣಿ ಶಾಶ್ವತದ್ದು. ಚಾಲಗೇಣಿ ವರ್ಷದ ಲೆಕ್ಕದ್ದು, ಧಣಿ ಬಿಡಿಸಬಹುದಿತ್ತು. ಅಜ್ಜನಿಗೆ ಭೂಮಿ ಹೇಗೆ ಉಳಿಯಿತು ಅಂತ ಎರಡನೇ ಪುಟದಲ್ಲಿ ಹುಡುಕಿ, ಇಲ್ಲೇ ಬರೆಯಿರಿ.